ಒಂಟೆಯ ಹೊಟ್ಟೆ

ಫೆಬ್ರುವರಿ ೪

ಪ್ರೀತಿಯ ಜೀರಿಗೆಗೆ,

ಭಾನುವಾರ ಫೋನಿನಲ್ಲಿ ನೀನು "ಅಣ್ಣ, ಹೊಟ್ಟೆ ಹೇಗಿದೆ?" ಎಂದು ಕೇಳಿದೆ. "ಚೆನ್ನಾಗಿದೆ" ಎಂದೆ. ಅಷ್ಟಕ್ಕೆ ಬಿಡದೆ, "ಫೋನಲ್ಲಿ ನೀನು ಒಂದೇ ಮಾತಲ್ಲಿ ಕೈ ತೊಳ್ಕೊಂಡ್ಬಿಡ್ತೀಯ. ಎದ್ದಾಗಿಂದ ಮಲಗೋವರೆಗೆ ಏನು ತಿಂತೀಯ, ಯಾವಾಗ ತಿಂತೀಯ, ಎಲ್ಲ ಕಾಗದದಲ್ಲಿ ಬರಿ. ಬರೆಯೋವಾಗ ಸುಳ್ಳು ಹೇಳೋದು ಕಷ್ಟ" ಎಂದು ಅಪ್ಪಣೆ ಮಾಡಿದೆ. ಹುಟ್ಟಿದಾಗ ಅಂಗೈಯಷ್ಟಿದ್ದ ನಿನಗೆ ಜೀರಿಗೆ ಎಂದು ಹೆಸರಿಟ್ಟವನು ನಾನು. ಈಗ ಆ ಜೀರಿಗೆ ಆಯುರ್ವೇದದ ಡಾಕ್ಟರಾಗಿ, ಐವತ್ತೇಳು ವರ್ಷದ ಅಣ್ಣನಿಂದ ಪರೀಕ್ಷೆ ಬರೆಸುತ್ತಿದೆ. ಆಗಲಿ ತಾಯಿ, ಬರೆಯುತ್ತೇನೆ.

ನಾಲ್ಕೂಮುಕ್ಕಾಲಿಗೆ ಏಳುತ್ತೇನೆ. ಒಂದು ಲೋಟ ಕಾಫಿ, ಎರಡು ತುಂಡು ಬ್ರೆಡ್ಡು. ಆರಕ್ಕೆ ಬಂದರಿನಲ್ಲಿ ನನ್ನ ಮೂರನೇ ಕ್ರೇನಿನ ಬುಡದಲ್ಲಿರಬೇಕು. ಅಲ್ಲಿಂದ ನೂರ ಅರವತ್ತೆರಡು ಕಬ್ಬಿಣದ ಮೆಟ್ಟಿಲು. ಮೇಲೆ ಒಂದು ಗಾಜಿನ ಗೂಡು, ಅದರಲ್ಲಿ ಒಂದು ಕುರ್ಚಿ, ಎರಡು ಹಿಡಿಕೆ. ಕಾಲಡಿಯೂ ಗಾಜೇ. ಬಗ್ಗಿ ಕೆಳಗೆ ನೋಡುತ್ತ ಹಡಗಿನಿಂದ ಡಬ್ಬಿ ಎತ್ತಿ ಲಾರಿಯ ಮೇಲಿಡುವುದು ನನ್ನ ಕೆಲಸ. ಮನೆ ಗಾತ್ರದ ಕಂಟೇನರನ್ನು ನಾವು ಡಬ್ಬಿ ಎನ್ನುತ್ತೇವೆ, ನಿನ್ನ ಔಷಧದ ಡಬ್ಬಿ ಅಂದುಕೊಂಡೀಯ! ಗಂಟೆಗೆ ಇಪ್ಪತ್ತೈದು ಡಬ್ಬಿ. ಎರಡೂವರೆಗೆ ಇಳಿಯುತ್ತೇನೆ. ಮೇಲೆ ಕಕ್ಕಸು ಇಲ್ಲ, ಹಾಗಾಗಿ ನೀರು ಕುಡಿಯುವ ಗೋಜಿಗೇ ಹೋಗುವುದಿಲ್ಲ. ಮೂರೂವರೆಗೆ ಮನೆ ಸೇರಿ ನಿನ್ನ ಅತ್ತಿಗೆ ಬಡಿಸಿದ್ದನ್ನೆಲ್ಲ ಗಬಗಬ ತಿಂದು ಬಿದ್ದುಕೊಳ್ಳುತ್ತೇನೆ. ಏಳುವ ಹೊತ್ತಿಗೆ ಹೊಟ್ಟೆ ಡೋಲು. ಸ್ವಲ್ಪ ತೇಗು, ಸ್ವಲ್ಪ ವಾಯು. ಎರಡು ದಿನಕ್ಕೊಮ್ಮೆ ಕಕ್ಕಸು. ಈ ವಯಸ್ಸಿನಲ್ಲಿ ಇದೆಲ್ಲ ಇದ್ದದ್ದೇ.

ನನ್ನದಕ್ಕಿಂತ ಪಕ್ಕದ ನಾಲ್ಕನೇ ಕ್ರೇನಿನವನದು ಹೆಚ್ಚು ಕಷ್ಟ. ಪಾಳಿ ಮುಗಿಯುವವರೆಗೆ ಹನಿ ನೀರು ಮುಟ್ಟುವುದಿಲ್ಲವೆಂದು ಅವನಿಗೆ ನಾವೆಲ್ಲ ಒಂಟೆ ಎಂದು ಹೆಸರಿಟ್ಟಿದ್ದೇವೆ. ಅವನಿಗೆ ನಾಲ್ಕು ತಿಂಗಳಿಂದ ಎದೆಯ ಕೆಳಗೆ ಉರಿ. ಬೆನ್ನುನೋವಿಗೆ ಒಂದು ಮಾತ್ರೆ, ಉರಿಗೆ ಒಂದು ಮಾತ್ರೆ, ಕಡಲೆಕಾಯಿಯ ಹಾಗೆ ನುಂಗುತ್ತಾನೆ. ಅವನಿಗೇನಾದರೂ ಔಷಧ ಇದ್ದರೆ ಹೇಳು.

ನಿನ್ನ ಅಣ್ಣ

*

ಫೆಬ್ರುವರಿ ೧೪

ಅಣ್ಣ,

ನಿನ್ನ ಉತ್ತರಪತ್ರಿಕೆ ಓದಿದೆ. ಪಾಸು ಮಾಡುವ ಹಾಗಿಲ್ಲ.

ಔಷಧಾಲಯದಲ್ಲಿ ಕೂತು ಬರೆಯುತ್ತಿದ್ದೇನೆ. ಎರಡು ಬೆಂಚಿನಲ್ಲಿ ಒಂಬತ್ತು ಜನ ಇದ್ದಾರೆ, ಅವರಲ್ಲಿ ಆರು ಜನರದು ಹೊಟ್ಟೆಯದೇ ದೂರು. ನಮ್ಮ ಕಾಂಪೌಂಡರಮ್ಮ ಪುಡಿ ತೂಗುತ್ತ, "ಜನ ಬಾಯಿಗೆ ಹಾಕೋದನ್ನ ನೋಡ್ತಾರೆ, ಹೊತ್ತು ನೋಡಲ್ಲ" ಎನ್ನುತ್ತಿದ್ದಾರೆ. ಅರವತ್ತೆಂಟು ವರ್ಷದ ಅವರಿಗೆ ನನಗಿಂತ ಚೆನ್ನಾಗಿ ವೈದ್ಯ ಗೊತ್ತು.

ನಮ್ಮ ಶಾಸ್ತ್ರದಲ್ಲಿ ಹೊಟ್ಟೆ ಎಂದರೆ ತುಂಬುವ ಚೀಲವಲ್ಲ, ಉರಿಯುವ ಒಲೆ. ಆ ಉರಿಗೆ ಅಗ್ನಿ ಎನ್ನುತ್ತೇವೆ. ಕೆಲವರಲ್ಲಿ ಅದು ಮಂದ, ತಿಂದದ್ದು ಹಾಗೇ ಕೂತಿರುತ್ತದೆ. ಕೆಲವರಲ್ಲಿ ತೀಕ್ಷ್ಣ, ಎಲ್ಲವನ್ನೂ ಸುಡುತ್ತದೆ. ನಿನ್ನದು ವಿಷಮಾಗ್ನಿ, ಕಿಟಕಿ ತೆರೆದಿಟ್ಟ ಕೋಣೆಯ ದೀಪದ ಹಾಗೆ. ಒಮ್ಮೆ ಭಗ್ಗನೆ ಏಳುತ್ತದೆ, ಒಮ್ಮೆ ನಂದುತ್ತದೆ. ಹತ್ತು ಗಂಟೆ ಒಲೆಯನ್ನು ಬರಿದಾಗಿಟ್ಟು, ಆಮೇಲೆ ಒಂದೇ ಸಲ ಒಂದು ಬಂಡಿ ಹಸಿ ಸೌದೆ ತುರುಕಿದರೆ ಏನಾಗುತ್ತದೆ? ಬರೀ ಹೊಗೆ. ಹಾಗೆ ಅರೆಬೆಂದು ಉಳಿದದ್ದಕ್ಕೆ ಆಮ ಎನ್ನುತ್ತೇವೆ. ಎಲ್ಲ ಜಡ್ಡಿಗೂ ಅದೇ ಬೀಜ.

ಇನ್ನೊಂದು. ತಡೆಯಬಾರದ ವೇಗಗಳು ಎಂದು ಹದಿಮೂರನ್ನು ಹೇಳಿದ್ದಾರೆ. ಸೀನು, ಆಕಳಿಕೆ, ಕಣ್ಣೀರು, ಬಾಯಾರಿಕೆ ಎಲ್ಲ ಅದರಲ್ಲಿವೆ. ಮಲಮೂತ್ರವಂತೂ ಮೊದಲ ಸಾಲಿನಲ್ಲೇ ಇವೆ. ಕೆಳಗೆ ಹೋಗಬೇಕಾದ ವಾಯುವನ್ನು ದಿನವೂ ತಡೆದರೆ ಅದು ಮೇಲಕ್ಕೆ ತಿರುಗುತ್ತದೆ. ನಿನ್ನ ಡೋಲು ಬಾರಿಸುತ್ತಿರುವುದು ಅದೇ. ಒಂದು ಪಾಳಿಯಲ್ಲಿ ಒಮ್ಮೆ ಇಳಿದು ಬಂದರೆ ನಿನ್ನ ಬಂದರು ಮುಳುಗಿಹೋಗುವುದಿಲ್ಲ. ಯಾಕಿಷ್ಟು ಹಟ?

ಬೆಳಿಗ್ಗೆ ಬಿಸಿಯಾದ ಗಂಜಿ ಕುಡಿದು ಹೋಗು. ಬಿಸಿನೀರನ್ನು ಫ್ಲಾಸ್ಕಿನಲ್ಲಿ ಒಯ್ದು ಗುಟುಕು ಗುಟುಕಾಗಿ ಕುಡಿ. ಸಂಜೆಯ ಊಟದಲ್ಲಿ ಅರ್ಧ ಹೊಟ್ಟೆ ಅನ್ನಕ್ಕೆ, ಕಾಲು ನೀರಿಗೆ, ಉಳಿದ ಕಾಲನ್ನು ಖಾಲಿ ಬಿಡು. ಇದರ ಜೊತೆ ಶುಂಠಿಯ ಪುಡಿ ಕಳಿಸಿದ್ದೇನೆ, ಊಟಕ್ಕೆ ಮುಂಚೆ ಒಂದು ಚಿಟಿಕೆ.

ನಿನ್ನ "ಪಕ್ಕದ ಕ್ರೇನಿನ ಒಂಟೆ"ಗೂ ಇದೇ ಔಷಧ. ನನ್ನ ಬಳಿ ಬರುವ ಗಂಡಸರಲ್ಲಿ ಅರ್ಧದಷ್ಟು ಜನರಿಗೆ ಇಂಥ ಒಬ್ಬ ಗೆಳೆಯ ಇರುತ್ತಾನೆ ಎಂದಷ್ಟೇ ಹೇಳುತ್ತೇನೆ.

ನಿನ್ನ ತಂಗಿ

*

ಮಾರ್ಚ್ ೨

ಪ್ರೀತಿಯ ಜೀರಿಗೆಗೆ,

ನಿನ್ನ ಮಾತನ್ನು ಚಾಚೂ ತಪ್ಪದೆ ಪಾಲಿಸುತ್ತಿದ್ದೇನೆ. ಗಂಜಿ ಕುಡಿಯುತ್ತೇನೆ, ಫ್ಲಾಸ್ಕು ಒಯ್ಯುತ್ತೇನೆ. ಹೊಟ್ಟೆ ಹೂವಿನಷ್ಟು ಹಗುರ. ಒಂದು ಪಾಳಿಯಲ್ಲಿ ಒಮ್ಮೆ ಇಳಿದು ಬಾ ಎಂದು ನೀನು ಸುಲಭವಾಗಿ ಬರೆದೆ. ಇಳಿಯುವುದೆಂದರೆ ಹಡಗು ಕಾಯಬೇಕು, ಲಾರಿ ಸಾಲು ನಿಲ್ಲಬೇಕು, ಎಲ್ಲರೂ ತಲೆಯೆತ್ತಿ ನೋಡುತ್ತಾರೆ. ಮೂವತ್ತೊಂದು ವರ್ಷದಲ್ಲಿ ಯಾರೂ ಹಾಗೆ ಇಳಿದದ್ದು ನಾನು ಕಂಡಿಲ್ಲ. ಆ ವಿಷಯ ಬಿಡು.

ಶುಂಠಿಯ ಪುಡಿಯಲ್ಲಿ ಅರ್ಧವನ್ನು ಒಂಟೆಗೆ ಕೊಟ್ಟೆ. ಮೊದಲ ದಿನ ತೇಗು ಬಂತು ಎಂದು ಖುಷಿಪಟ್ಟ. ಆಮೇಲೆ ಉರಿ ಹೆಚ್ಚಾಯಿತಂತೆ. ಈಗ ಎರಡು ಬಿಸ್ಕತ್ತಿನ ಮೇಲೆ ಏನೂ ಸೇರುವುದಿಲ್ಲ. ಹೊಸ ತೂತು ಹಾಕಿಸಿದ ಬೆಲ್ಟೂ ಸಡಿಲ. ಮುಖ ಬಿಳಿಚಿಕೊಂಡಿದೆ ಎಂದು ಅಂಗಡಿಯಿಂದ ಕಬ್ಬಿಣದ ಟಾನಿಕ್ಕು ತಂದು ಕುಡಿಯುತ್ತಿದ್ದಾನೆ. ಮಲ ಟಾರಿನ ಹಾಗೆ ಕಪ್ಪಗೆ ಹೋಗುತ್ತಿದೆಯಂತೆ. "ಟಾನಿಕ್ ಕುಡಿದ್ರೆ ಹಂಗೇ ಆಗೋದು" ಎಂದು ಅಂಗಡಿಯವನು ಹೇಳಿದನಂತೆ. ಹೌದೇ? ಮೆಟ್ಟಿಲು ಹತ್ತುವಾಗ ನಡುವೆ ಎರಡು ಸಲ ನಿಲ್ಲುತ್ತಾನೆ. ನಮಗೆಲ್ಲ ನಗು. ಒಂಟೆಗೂ ದಮ್ಮು ಹತ್ತಿತು ಎಂದು.

ನಿನ್ನ ಅಣ್ಣ

ಜೀರಿಗೆ, ನಾನು ನಿನ್ನ ಅತ್ತಿಗೆ. ಅಂಚೆಗೆ ಹಾಕಲು ಕೊಟ್ಟರು, ಓದಿದೆ. ಗಂಜಿ ಕುಡಿಯುವುದು ನಿಜ. ಫ್ಲಾಸ್ಕು ಮಾತ್ರ ಹೇಗೆ ಹೋಗುತ್ತದೋ ಹಾಗೇ ತುಂಬಿಕೊಂಡು ವಾಪಸ್ಸು ಬರುತ್ತದೆ. ಹೊಟ್ಟೆ ಹೂವಾಗಿಲ್ಲ. ನಾನು ಹೇಳಿದೆನೆಂದು ಹೇಳಬೇಡ.

*

ಮಾರ್ಚ್ ೬

ಅಣ್ಣ,

ಇನ್ನು ಆಟ ಸಾಕು. ಒಂಟೆ ಯಾರೆಂದು ನನಗೆ ಮೊದಲ ಕಾಗದದಲ್ಲೇ ಗೊತ್ತಾಗಿತ್ತು. ನೀನು ನಾಚಿಕೊಳ್ಳುತ್ತಿದ್ದೀಯ, ತಾನಾಗಿಯೇ ಹೇಳಲಿ ಎಂದು ಸುಮ್ಮನಿದ್ದೆ. ನನ್ನದು ತಪ್ಪಾಯಿತು.

ಈಗ ಓದು. ಟಾರಿನ ಹಾಗೆ ಅಂಟಂಟಾಗಿ ಕಪ್ಪಗೆ ಹೋಗುವುದು ಟಾನಿಕ್ಕಿನಿಂದ ಎಂದು ತಿಳಿದು ಕೂರಬೇಡ. ಅದು ಒಳಗೆ ಸುರಿದ ರಕ್ತವಿರಬಹುದು. ಬೆನ್ನುನೋವಿನ ಮಾತ್ರೆ, ತಿಂಗಳುಗಟ್ಟಲೆ ಉರಿ, ಬಿಳಿಚಿದ ಮುಖ, ಮೆಟ್ಟಿಲಲ್ಲಿ ದಮ್ಮು, ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿವೆ. ಇದು ಪುಡಿ ಕೊಟ್ಟು ನೋಡುವ ಕಾಯಿಲೆಯಲ್ಲ. ಇಂಥದ್ದನ್ನು ಬೇಗ ಗುರುತಿಸಿ ತಡಮಾಡದೆ ಕಳಿಸಬೇಕೆಂದೇ ನಮಗೂ ಕಲಿಸಿದ್ದಾರೆ. ಶುಂಠಿ ನಿಲ್ಲಿಸು. ಬೆನ್ನಿನ ಮಾತ್ರೆ ನಿಲ್ಲಿಸು. ಈ ಕಾಗದ ಕೈಗೆ ಬಂದ ದಿನವೇ ದೊಡ್ಡಾಸ್ಪತ್ರೆಗೆ ಹೋಗಿ, ಒಳಗೆ ಕೊಳವೆ ಬಿಟ್ಟು ನೋಡುವ ಡಾಕ್ಟರನ್ನು ಕಾಣು. ಕ್ರೇನು ಹತ್ತಬೇಡ. ಅಷ್ಟು ಎತ್ತರದಲ್ಲಿ ತಲೆ ಸುತ್ತಿದರೆ ಹಿಡಿಯುವವರು ಯಾರು?

ಮನೆಗೆ ನಾಲ್ಕು ಸಲ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಕಾಗದವನ್ನು ತುರ್ತಂಚೆಯಲ್ಲಿ ಹಾಕುತ್ತಿದ್ದೇನೆ. ಹೋಗಿ ಬಂದ ಮೇಲೆ ಎಷ್ಟು ಬೇಕಾದರೂ ಬೈಯಿ.

ತಂಗಿ

*

ಮಾರ್ಚ್ ೧೩

ಪ್ರೀತಿಯ ಜೀರಿಗೆಗೆ,

ಬೈಯಬೇಕೆಂದೇ ಕಾಗದ ತೆಗೆದುಕೊಂಡೆ. ಮೂರು ದಿನ ಹಿಂದಾಗಿದ್ದರೆ ಬೈದೇ ಬೈಯುತ್ತಿದ್ದೆ. ಮಾರಾಯ್ತಿ, ಒಂಟೆ ನಾನಲ್ಲ! ಒಂಟೆ ಒಂಟೆಯೇ. ಐವತ್ಮೂರು ವರ್ಷದ, ಪೊದೆಮೀಸೆಯ, ಎರಡು ಹೆಣ್ಣುಮಕ್ಕಳ ಅಪ್ಪ. ನಾನು ನಿನಗೆ ಸುಳ್ಳು ಹೇಳುವವನೇ? (ಫ್ಲಾಸ್ಕಿನ ವಿಷಯ ಬೇರೆ.) ಫೋನು ಎತ್ತದಿದ್ದುದಕ್ಕೂ ದೊಡ್ಡ ಕಾರಣವೇನಿಲ್ಲ. ವಾರವಿಡೀ ಅತ್ತಿಗೆ ಅವಳ ಅಕ್ಕನ ಮನೆಯಲ್ಲಿದ್ದಳು, ನಾನು ಪಾಳಿಯಲ್ಲಿದ್ದೆ.

ನಿನ್ನ ಕಾಗದ ಒಂಬತ್ತನೇ ತಾರೀಖು ಬಂತು. ಓದಿದಾಗ ಸಿಟ್ಟು ನೆತ್ತಿಗೇರಿತು. ಮಾರನೆಯ ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಎಲ್ಲರೆದುರು ಓದಿ ಹೇಳಿದೆ. "ನೋಡ್ರಪ್ಪಾ, ನನ್ನ ತಂಗಿ ನನ್ನನ್ನೇ ಒಂಟೆ ಮಾಡಿಬಿಟ್ಟಿದಾಳೆ!" ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂಟೆಯೂ ನಕ್ಕ. ಬೂಟಿನ ದಾರ ಕಟ್ಟುತ್ತಿದ್ದವನು, "ಇನ್ನೊಂದ್ಸಲ ಓದಣ್ಣ" ಎಂದ. ಓದಿದೆ. ಈ ಸಲ ಯಾರೂ ನಗಲಿಲ್ಲ. ನೀನು ಬರೆದದ್ದೆಲ್ಲ ಅವನ ಮೈಮೇಲೆ ಒಂದೊಂದಾಗಿ ಕಾಣುತ್ತಿತ್ತು. ಬೆಲ್ಟು, ಮುಖ, ಉಗುರು. ಅವನ ಉಗುರು ಸುಣ್ಣದ ಹಾಗಿದ್ದದ್ದನ್ನು ನಾನು ಅದುವರೆಗೆ ನೋಡಿಯೇ ಇರಲಿಲ್ಲ.

"ಸಂಜೆ ಹೋಗೋಣ ಬಿಡು" ಎಂದ.

"ಡಾಕ್ಟ್ರು ಹತ್ತಬೇಡ ಅಂದಿದಾಳೆ."

"ನಿನ್ ತಂಗಿ ನಿಂಗಲ್ವಾ ಹೇಳಿದ್ದು?"

ಹಾಗೆಂದು ಎದ್ದು ನಿಂತ. ನಿಂತವನು ಗೋಡೆ ಹಿಡಿದುಕೊಂಡ. ಹಾಗೇ ಜಾರಿ ಬೆಂಚಿನ ಮೇಲೆ ಕೂತ. ಹಣೆಯಲ್ಲಿ ಬೆವರು, ಕೈ ಮಂಜುಗಡ್ಡೆ. ನಾನು ಪಾಳಿ ಅಧಿಕಾರಿಣಿಗೆ ಹೇಳಿ, ಅವರದೇ ಜೀಪಿನಲ್ಲಿ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆ. ದಾರಿಯಲ್ಲಿ ಒಂದು ಸಲ ಕಣ್ಣು ಬಿಟ್ಟು, "ನಾಲ್ಕನೇ ಕ್ರೇನಿಗೆ ಯಾರನ್ನ ಹಾಕಿದ್ರು?" ಎಂದು ಕೇಳಿದ. ನನಗೆ ಅಳು ಬಂತು ಜೀರಿಗೆ. ಕಣ್ಣೀರು ತಡೆಯಬಾರದು ಎಂದು ನೀನು ಬರೆದಿದ್ದೆಯಲ್ಲ, ತಡೆಯಲಿಲ್ಲ.

ಜಠರದಲ್ಲಿ ಹುಣ್ಣು, ಅದರಿಂದ ರಕ್ತ ಸೋರುತ್ತಿತ್ತು. ಕೊಳವೆಯಿಂದಲೇ ಅದನ್ನು ನಿಲ್ಲಿಸಿದರು. ಮೂರು ಬಾಟಲಿ ರಕ್ತ ಏರಿಸಿದ್ದಾರೆ. "ಇವತ್ತು ಮೇಲೆ ಹತ್ತಿದ್ದರೆ ಇಳಿಯುತ್ತಿರಲಿಲ್ಲ" ಎಂದು ಅಲ್ಲಿಯ ಡಾಕ್ಟರು ಅವನ ಹೆಂಡತಿಗೆ ಕೇಳದಂತೆ ನನಗೆ ಹೇಳಿದರು. ಈಗ ಎದ್ದು ಕೂತಿದ್ದಾನೆ. ಮೀಸೆಗೂ ಸ್ವಲ್ಪ ಜೀವ ಬಂದಿದೆ.

ತಪ್ಪು ವಿಳಾಸಕ್ಕೆ ಬಂದ ನಿನ್ನ ಬೈಗುಳ ಸರಿಯಾದ ಮನೆಗೇ ಹೋಯಿತು.

ನಿನ್ನ ಅಣ್ಣ

*

ಮಾರ್ಚ್ ೨೧

ಅಣ್ಣ,

ನಿನ್ನ ಕಾಗದ ಓದಿದ ಮೇಲೆ ಅರ್ಧ ದಿನ ಯಾರನ್ನೂ ನೋಡಲಿಲ್ಲ. ಕಾಂಪೌಂಡರಮ್ಮನೇ ಬಂದವರಿಗೆ ಏನೋ ಹೇಳಿ ಕಳಿಸಿದರು.

ನೀನು ನಗುತ್ತ ಬರೆದಿದ್ದೀಯ. ನನಗೆ ನಗು ಬರಲಿಲ್ಲ. ಒಂಟೆ ಬೇರೊಬ್ಬ ಮನುಷ್ಯ ಎಂದು ನಂಬಿದ್ದರೆ, ಉರಿ ಇರುವವನಿಗೆ ಶುಂಠಿ ಕೊಡಬೇಡ ಎಂದು ಮೊದಲ ದಿನವೇ ಬರೆಯುತ್ತಿದ್ದೆ. ವಾಯುವಿರುವ ನಿನಗೆ ಹಿಡಿಸುವುದು, ಪಿತ್ತ ಕೆರಳಿದ ಅವನಿಗೆ ಉರಿಯ ಮೇಲೆ ಉರಿ. ಇದು ನಮ್ಮಲ್ಲಿ ಒಂದನೇ ಪಾಠ. ಒಬ್ಬರ ಔಷಧ ಇನ್ನೊಬ್ಬರ ಔಷಧವಲ್ಲ. ಎಲ್ಲ ಗೊತ್ತು ಎಂಬ ಜಂಬದಲ್ಲಿ ಇಬ್ಬರನ್ನು ಒಬ್ಬರನ್ನಾಗಿ ಮಾಡಿದೆ. ನೀನು ಅವನಿಗೆ ಈ ಮಾತನ್ನು ಓದಿ ಹೇಳಬೇಕು. ನಾನು ಕ್ಷಮೆ ಕೇಳಿದ್ದೇನೆ ಎಂದು.

ಅಷ್ಟು ಕಟುವಾಗಿ ಯಾಕೆ ಬರೆದೆ ಎಂದರೆ, ನಿನಗೆ ಹೇಳದೇ ಇದ್ದದ್ದು ಒಂದಿದೆ. ಮೂರು ವರ್ಷದ ಹಿಂದೆ ನನ್ನ ಬಳಿ ಒಬ್ಬ ಡ್ರಾಯಿಂಗ್ ಮೇಷ್ಟರು ಬರುತ್ತಿದ್ದರು. "ಬರೀ ಗ್ಯಾಸು ಡಾಕ್ಟ್ರೇ" ಎಂದು ನಗಿಸುತ್ತಿದ್ದರು. ಎರಡು ತಿಂಗಳು ಪುಡಿ ಕೊಟ್ಟೆ. ತೂಕ ಇಳಿದದ್ದನ್ನು ನಾನೇ ತಕ್ಕಡಿಯಲ್ಲಿ ನೋಡಿ, ನಾನೇ ಬರೆದುಕೊಂಡು, ಪಥ್ಯದಿಂದ ಇಳಿದಿದೆ ಎಂದುಕೊಂಡೆ. ಆಸ್ಪತ್ರೆಗೆ ಕಳಿಸುವ ಹೊತ್ತಿಗೆ ತಡವಾಗಿತ್ತು. ಅವರ ಹೆಂಡತಿ ಈಗಲೂ ನನ್ನ ಬಳಿಯೇ ಔಷಧಕ್ಕೆ ಬರುತ್ತಾರೆ, ಒಂದು ಮಾತೂ ಆಡಿಲ್ಲ. ಅಂದಿನಿಂದ ಯಾರಾದರೂ ತೂಕ ಇಳಿದಿದೆ ಎಂದರೆ ಪುಡಿಯ ಡಬ್ಬಿ ಮುಚ್ಚಿ ಮೊದಲು ಆಸ್ಪತ್ರೆಗೆ ಕಾಗದ ಬರೆದುಕೊಡುತ್ತೇನೆ. ನಿನ್ನ ಬೆಲ್ಟಿನ ಸಾಲು ಓದಿದಾಗಲೂ ಅದನ್ನೇ ಮಾಡಿದೆ.

ಇನ್ನು ಒಂಟೆಯ ವಿಷಯ. ಆಸ್ಪತ್ರೆಯವರು ಕೊಟ್ಟ ಮಾತ್ರೆಗಳನ್ನು ಅವರು ಹೇಳಿದಷ್ಟು ದಿನ ಒಂದೂ ಬಿಡದೆ ನುಂಗಲಿ. ನಾನು ಕೊಡುವುದು ಊಟದ ಕ್ರಮ ಮಾತ್ರ, ಅದನ್ನೂ ಆ ಡಾಕ್ಟರಿಗೆ ತೋರಿಸಿಯೇ ಶುರು ಮಾಡಲಿ. ಆರಿಹೋಗುತ್ತಿರುವ ಒಲೆಗೆ ಕೊರಡು ಹಾಕಬಾರದು. ಮೊದಲು ತೆಳುವಾದ ಗಂಜಿ, ಆಮೇಲೆ ಗಟ್ಟಿ ಗಂಜಿ, ಆಮೇಲೆ ಮೆತ್ತಗೆ ಬೆಂದ ಅನ್ನ, ಸ್ವಲ್ಪ ತುಪ್ಪ. ಖಾರ ಬೇಡ, ಹುಳಿ ಬೇಡ. ಒಂದು ಊಟ ಅರಗಿದ ಮೇಲೆ ಇನ್ನೊಂದು.

ಮತ್ತೆ ನೀನು. ಒಂಟೆ ನೀನಲ್ಲ ಎಂದಾಯಿತು. ಹಾಗಾದರೆ ನೀನು ಯಾರು? ತುಂಬಿದ ಫ್ಲಾಸ್ಕನ್ನು ಹೊತ್ತುಕೊಂಡು ಹತ್ತಿ ಇಳಿಯುವವನು ಏನನ್ನು ಮುಚ್ಚಿಡುತ್ತಿದ್ದಾನೆ? ನಾನು ಈ ಸಲ ಊಹಿಸುವುದಿಲ್ಲ. ನೀನೇ ಹೇಳು.

ನಿನ್ನ ತಂಗಿ

*

ಏಪ್ರಿಲ್ ೧೧

ಪ್ರೀತಿಯ ಜೀರಿಗೆಗೆ,

ಮೂರು ವಾರ ತಡ ಮಾಡಿದೆ. ಬರೆದು ಬರೆದು ಹರಿದೆ.

ಮೊದಲು ಒಂಟೆಯ ಮಾತು. ನಿನ್ನ ಕ್ಷಮೆಯನ್ನು ಓದಿ ಹೇಳಿದೆ. "ನಿನ್ ತಂಗೀಗೆ ಹುಚ್ಚಾ? ನನ್ನ ಜೀವ ಉಳಿಸಿ ನನ್ನನ್ನೇ ಕ್ಷಮೆ ಕೇಳ್ತಾಳಾ?" ಎಂದ. ಗಟ್ಟಿ ಗಂಜಿಯ ಮಟ್ಟಕ್ಕೆ ಬಂದಿದ್ದಾನೆ. ಅವನ ದೊಡ್ಡ ಮಗಳು ಚಮಚ ಹಿಡಿದು ಎದುರಿಗೆ ಕೂತಿರುತ್ತಾಳೆ, ಮೂವತ್ತೆರಡು ಸಲ ಅಗಿಯದೆ ಮುಂದಿನ ತುತ್ತಿಲ್ಲ. ಗಂಜಿಯನ್ನು ಹೇಗೆ ಅಗಿಯುವುದೆಂದು ಅವನ ಪ್ರಶ್ನೆ.

ಡ್ರಾಯಿಂಗ್ ಮೇಷ್ಟರ ಬಗ್ಗೆ ನಾನೇನು ಹೇಳಲಿ? ಆ ಹೆಂಗಸು ಇನ್ನೂ ನಿನ್ನ ಬಳಿಯೇ ಬರುತ್ತಾಳಲ್ಲ, ಅದನ್ನು ನೀನು ಯಾಕೆ ಲೆಕ್ಕಕ್ಕೆ ಹಿಡಿಯುವುದಿಲ್ಲ? ನಿನ್ನ ಮೇಲೆ ನಂಬಿಕೆಯಿಲ್ಲದಿದ್ದರೆ ಯಾವ ಹೆಂಗಸು ಅದೇ ಬೆಂಚಿನ ಮೇಲೆ ಬಂದು ಕೂರುತ್ತಾಳೆ?

ಇನ್ನು ನಾನು. ಹಟವಲ್ಲ ಜೀರಿಗೆ, ಮೊಣಕಾಲು. ಎರಡು ವರ್ಷದಿಂದ ಎಡಮೊಣಕಾಲು ಮಡಚಿದರೆ ಒಳಗೆ ಯಾರೋ ಮೊಳೆ ಹೊಡೆದ ಹಾಗೆ. ಬೆಳಿಗ್ಗೆ ನೂರ ಅರವತ್ತೆರಡು ಹತ್ತಿ, ಮಧ್ಯಾಹ್ನ ನೂರ ಅರವತ್ತೆರಡು ಇಳಿಯುವಷ್ಟಕ್ಕೆ ನನ್ನ ಶಕ್ತಿ ಮುಗಿಯುತ್ತದೆ. ನಡುವೆ ಒಮ್ಮೆ ಇಳಿದರೆ ಮತ್ತೆ ಹತ್ತಲಾರೆ. ಹತ್ತಲಾರೆ ಎಂದು ಯಾರಿಗಾದರೂ ತಿಳಿದರೆ, ಗೂಡಿನಿಂದ ತೆಗೆದು ಗೇಟಿನ ಹತ್ತಿರ ಲಾರಿಗಳಿಗೆ ಚೀಟಿ ಬರೆಯಲು ಕೂರಿಸುತ್ತಾರೆ. ಅದಕ್ಕೇ ನೀರು ಕುಡಿಯುವುದಿಲ್ಲ, ಮಧ್ಯಾಹ್ನಕ್ಕೆ ಊಟದ ಡಬ್ಬಿ ಕಟ್ಟಿಸಿಕೊಳ್ಳುವುದಿಲ್ಲ. ಬಾಯಿಗೆ ಹಾಕದಿದ್ದರೆ ಕೆಳಗೆ ಇಳಿಯುವ ಪ್ರಮೇಯವೇ ಇಲ್ಲವಲ್ಲ. ಮೂಲವ್ಯಾಧಿಯೂ ಆಗಿದೆ, ಆಗಾಗ ಕೆಂಪು ಕಾಣಿಸುತ್ತದೆ. ದೊಡ್ಡಾಸ್ಪತ್ರೆಯಲ್ಲಿ ಒಂಟೆಯನ್ನು ನೋಡಲು ಹೋದಾಗ ನಾನೂ ತೋರಿಸಿಕೊಂಡು ಬಂದೆ. ಬೇರೇನೂ ಇಲ್ಲ, ಮೂಲವ್ಯಾಧಿಯೇ ಎಂದರು. ಕೊಳವೆಯನ್ನೂ ಬಿಟ್ಟು ನೋಡಿದ್ದಾರೆ, ನೀನು ಆಸ್ಪತ್ರೆಗೆ ಕಾಗದ ಬರೆಯುವುದು ಬೇಡ.

ಮೂವತ್ತೊಂದು ವರ್ಷ ಮೇಲಿನಿಂದ ನೋಡಿದ್ದೇನೆ. ಸೂರ್ಯ ಹುಟ್ಟುವುದನ್ನು ಬಂದರಿನಲ್ಲಿ ಎಲ್ಲರಿಗಿಂತ ಎರಡು ನಿಮಿಷ ಮೊದಲು ನೋಡುವವನು ನಾನು. ಅದನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಇಷ್ಟೇ ಇದ್ದದ್ದು.

ನಿನ್ನ ಅಣ್ಣ

*

ಏಪ್ರಿಲ್ ೧೮

ಅಣ್ಣ,

ಮೊಣಕಾಲು! ನಾನು ಎರಡು ತಿಂಗಳು ಹೊಟ್ಟೆಯನ್ನೇ ನೋಡುತ್ತಿದ್ದೆ, ಕಾಯಿಲೆ ಮೊಣಕಾಲಿನಲ್ಲಿ ಕೂತಿತ್ತು. ಕಾಂಪೌಂಡರಮ್ಮನಿಗೆ ಹೇಳಿದೆ. "ನಾನು ಅಂದ್ಕೊಂಡಿದ್ದೆ. ಗಂಡಸ್ರು ನೀರು ಬಿಟ್ರೆ ಅದಕ್ಕೊಂದು ಕಾರಣ ಇರುತ್ತೆ" ಎಂದರು. ಮೊದಲೇ ಹೇಳಬಾರದಿತ್ತೇ!

ತೈಲ ಕಳಿಸಿದ್ದೇನೆ. ಸ್ನಾನಕ್ಕೆ ಮುಂಚೆ ಬಿಸಿ ಮಾಡಿ ಅತ್ತಿಗೆಯ ಕೈಯಿಂದ ತಿಕ್ಕಿಸಿಕೋ. ಮೂಲವ್ಯಾಧಿಗೆ ಮಜ್ಜಿಗೆ. ನಮ್ಮವರು ಅದನ್ನು ಹೊಗಳಿದಷ್ಟು ಬೇರಾವುದನ್ನೂ ಹೊಗಳಿಲ್ಲ. ಆದರೆ ಒಂದು ನಿಜ ಹೇಳುತ್ತೇನೆ, ನೀರು ಕುಡಿಯದ ಮನುಷ್ಯನಿಗೆ ನನ್ನ ಬೀರುವಿನಲ್ಲಿ ಔಷಧವಿಲ್ಲ. ಕಾಯಿಲೆಗೆ ಕಾರಣವಾದದ್ದನ್ನು ಬಿಡುವುದೇ ಮೊದಲ ಚಿಕಿತ್ಸೆ ಎಂದು ನಾವು ಕಲಿತಿದ್ದೇವೆ. ನಿನ್ನ ಕಾರಣ ಆ ಎಂಟೂವರೆ ಗಂಟೆ.

ನನಗೆ ಕ್ರೇನಿನ ವಿಷಯ ಗೊತ್ತಿಲ್ಲ. ಒಂದು ಮಾತು ಕೇಳುತ್ತೇನೆ. ಒಬ್ಬನೇ ಎಂಟೂವರೆ ಗಂಟೆ ಮೇಲೆ ಕೂರುವ ಬದಲು, ಇಬ್ಬರು ಅರ್ಧರ್ಧ ಕೂತರೆ ಆಗದೇ? ಉಳಿದರ್ಧ ನೆಲದ ಮೇಲೆ ಕೆಲಸ. ಆಗಲೂ ಹತ್ತುವುದು ಒಂದೇ ಸಲ, ಇಳಿಯುವುದು ಒಂದೇ ಸಲ. ನಿನ್ನ ಮೊಣಕಾಲಿಗೂ ಭಾರವಿಲ್ಲ, ಹೊಟ್ಟೆಗೂ ಬಿಡುಗಡೆ. ನೀನು ಮೊದಲರ್ಧ ಇಟ್ಟುಕೋ, ಸೂರ್ಯನೂ ನಿನಗೇ ಇರಲಿ. ಕೇಳಿ ನೋಡು. ನಿನ್ನ ಕಾಲಿನ ವಿಷಯ ಹೇಳಬೇಕಾಗಿಲ್ಲ, ಒಂಟೆಯ ವಿಷಯ ಹೇಳಿದರೆ ಸಾಕು.

ನೀನು ನಿಜ ಹೇಳಿದೆಯಲ್ಲ, ನನ್ನದೂ ಒಂದು. ಬೆಂಚು ಖಾಲಿಯಾಗುವವರೆಗೆ ನಾನು ಊಟಕ್ಕೇಳುವುದಿಲ್ಲ. ನಾಲ್ಕು ಗಂಟೆಗೆ ಔಷಧದ ಬೀರುವಿನ ಮರೆಯಲ್ಲಿ ನಿಂತುಕೊಂಡೇ ಎರಡು ತುತ್ತು. ಊಟಕ್ಕೆ ಹೊತ್ತು ಬೇಕು ಎಂದು ದಿನಕ್ಕೆ ನಲವತ್ತು ಜನರಿಗೆ ಹೇಳುವ ಬಾಯಿಯೇ ಅದು. ನನಗೂ ಡೋಲಿದೆ ಅಣ್ಣ. ಯಾರಿಗೂ ಹೇಳಬೇಡ.

ನಿನ್ನ ತಂಗಿ

*

ಮೇ ೧೯

ಪ್ರೀತಿಯ ಜೀರಿಗೆಗೆ,

ಅತ್ತಿಗೆಗೆ ಹೇಳಿಬಿಟ್ಟೆ. ಅವಳು ನಕ್ಕ ರಭಸಕ್ಕೆ ತೈಲದ ಬಟ್ಟಲು ಮಗುಚಿತು. ಈ ಭಾನುವಾರ ಅವಳಿಂದ ನಿನಗೆ ಫೋನು ಬರುತ್ತದೆ, ತಯಾರಾಗಿರು.

ನಾನು ಪಾಳಿ ಅಧಿಕಾರಿಣಿಯ ಕೋಣೆಗೆ ಹೋದೆ. ಒಬ್ಬನೇ ಹೋಗಬೇಕೆಂದಿದ್ದೆ. ಬಾಗಿಲ ಬಳಿ ನೋಡಿದರೆ ಉಳಿದ ಕ್ರೇನಿನವರೆಲ್ಲ ಹಿಂದೆ ನಿಂತಿದ್ದಾರೆ. ಒಂಟೆಯೂ ಬಂದಿದ್ದ, ಮಗಳ ಕೈ ಹಿಡಿದುಕೊಂಡು. ಒಂಟೆಯ ಕತೆಯನ್ನಷ್ಟೇ ಹೇಳಬೇಕೆಂದು ಬಾಯಿ ತೆರೆದವನು, ಯಾಕೋ ಏನೋ, ನನ್ನ ಮೊಣಕಾಲು, ಮೂಲವ್ಯಾಧಿ, ಫ್ಲಾಸ್ಕು ಎಲ್ಲವನ್ನೂ ಹೇಳಿಬಿಟ್ಟೆ. ಆಗ ಒಂದನೇ ಕ್ರೇನಿನವನು ಮೆಲ್ಲಗೆ, "ನಂಗೂ ಅದೇ" ಎಂದ. ಐದನೆಯವನು, "ನಂಗೆ ಕಿಡ್ನಿ ಕಲ್ಲು, ಎರಡು ಸಲ" ಎಂದ. ಒಬ್ಬೊಬ್ಬರದೂ ಹೊರಬಂತು. ಇಷ್ಟು ವರ್ಷ ಒಂದೇ ಕೋಣೆಯಲ್ಲಿ ಬಟ್ಟೆ ಬದಲಿಸಿದ್ದೇವೆ, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ.

ಆಕೆ ಪೆನ್ನು ಕೆಳಗಿಟ್ಟು, "ಇಷ್ಟು ವರ್ಷ ಯಾಕೆ ಕೇಳ್ಲಿಲ್ಲ ನೀವು?" ಎಂದರು.

"ಮೊದಲು ಯಾರು ಇಳಿಯೋದು ಅಂತ ಮೇಡಮ್" ಎಂದ ಒಂಟೆ.

ಮೇ ಹತ್ತರಿಂದ ಜೋಡಿ ಪದ್ಧತಿ ಬಂದಿದೆ. ಹತ್ತೂಕಾಲಿಗೆ ಬದಲಿ. ಚೀಟಿ ಬರೆಯುವುದನ್ನು ಕಂಡು ಹೆದರುತ್ತಿದ್ದೆ. ಈಗ ದಿನಾ ಅರ್ಧ ಪಾಳಿ ಅದೇ ಮಾಡುತ್ತೇನೆ. ಅಂಥ ಕೆಟ್ಟದ್ದೇನಲ್ಲ, ಲಾರಿಯವರು ಒಳ್ಳೆ ಮಾತುಗಾರರು. ಒಂಟೆಗೆ ಇನ್ನೆರಡು ತಿಂಗಳು ನೆಲದ ಕೆಲಸವೇ. ಮೆತ್ತಗಿನ ಅನ್ನದ ಮಟ್ಟಕ್ಕೆ ಏರಿದ್ದಾನೆ, ಬೆಲ್ಟು ಒಂದು ತೂತು ಹಿಂದಕ್ಕೆ ಬಂದಿದೆ. ಕೊಳಾಯಿಯ ಬಳಿ ನಿಂತು ಲೋಟಗಟ್ಟಲೆ ನೀರು ಕುಡಿಯುತ್ತಾನೆ. ಅವನ ಅಡ್ಡಹೆಸರು ಬದಲಿಸಬೇಕೆಂದು ಚರ್ಚೆ ನಡೆದಿದೆ, ಅವನೇ ಒಪ್ಪುತ್ತಿಲ್ಲ.

ಬಿಸಿನೀರು ಕುಡಿಯುತ್ತೇನೆ. ದಿನಕ್ಕೊಮ್ಮೆ ಸಲೀಸಾಗಿ ಆಗುತ್ತದೆ. ಕೆಂಪು ನಿಂತಿದೆ. ಡೋಲಿನ ಸದ್ದಿಲ್ಲ.

ಆದರೆ ಒಂದು ವಿಷಯ. ನಗಬೇಡ, ಚಿಂತೆಯಾಗಿಯೇ ಕೇಳುತ್ತಿದ್ದೇನೆ. ಎಂಟು ದಿನದಿಂದ ಬೆಳಿಗ್ಗೆ ಹನ್ನೊಂದೂವರೆ ಆಗುತ್ತಿದ್ದ ಹಾಗೆ ಹೊಟ್ಟೆಯ ನಡುವೆ ಏನೋ ಒಂಥರಾ. ನೋವಲ್ಲ, ಉರಿಯಲ್ಲ. ಒಳಗೆ ಯಾರೋ ಬಾಗಿಲು ತೆರೆದಿಟ್ಟ ಹಾಗೆ ಖಾಲಿ. ಬಾಯಲ್ಲಿ ನೀರು ಬರುತ್ತದೆ. ಚೀಟಿ ಬರೆಯುವಾಗ ಗಮನವೆಲ್ಲ ಅತ್ತಿಗೆ ಕಟ್ಟಿಕೊಟ್ಟ ಡಬ್ಬಿಯ ಕಡೆ ಹೋಗುತ್ತದೆ. ಊಟ ಮಾಡಿದರೆ ನಿಂತುಹೋಗುತ್ತದೆ, ಮಾರನೆಯ ದಿನ ಅದೇ ಹೊತ್ತಿಗೆ ಮತ್ತೆ. ನನಗೆ ನೆನಪಿರುವಂತೆ ಮೊದಲು ಹೀಗೆ ಆಗಿಲ್ಲ. ಒಂಟೆಯನ್ನು ಕೇಳಿದೆ. ಅವನಿಗೂ ಹಾಗೇ ಆಗುತ್ತಿದೆಯಂತೆ. ಇಬ್ಬರಿಗೂ ಒಟ್ಟಿಗೆ ಬಂದಿದೆ ಎಂದರೆ ಇದೇನು ಅಂಟುಜಾಡ್ಯವೇ? ಬೇಗ ಬರಿ.

ನಿನ್ನ ಅಣ್ಣ

*

ಮೇ ೨೪

ಅಣ್ಣ,

ಅದು ಹಸಿವು.

ನಿಮ್ಮಿಬ್ಬರಿಗೂ ಶುಭಾಶಯ. ಒಂದು ಗಂಟೆ ಹೊಡೆಯಿತು, ಕಾಂಪೌಂಡರಮ್ಮ ತಟ್ಟೆ ಹಾಕಿ ಕೂತು ಕರೆಯುತ್ತಿದ್ದಾರೆ. ನಾನೂ ಹೊರಟೆ.

ಜೀರಿಗೆ